ಮಲಗುವುದೋ, ನಡೆಯುವುದೋ?

ಕಾಲು ಹಿಡಿದುಕೊಂಡವನಿಗೆ ಊರಿನವರೆಲ್ಲ ವೈದ್ಯರೇ. ಕುಂಟುತ್ತ ಹಾಲಿನ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ನಾಲ್ಕಾರು ಚಿಕಿತ್ಸೆಗಳು ಪುಕ್ಕಟೆಯಾಗಿ ದೊರೆಯುತ್ತವೆ. ನೆರೆಮನೆಯ ರಾಯರು, “ಒಂದು ತಿಂಗಳು ಮಂಚ ಬಿಟ್ಟು ಇಳಿಯಬೇಡಿ” ಎನ್ನುತ್ತಾರೆ. ಅವರ ಮಾತು ಮುಗಿಯುವ ಮೊದಲೇ ಎದುರುಮನೆಯವರು, “ಮಲಗಿದಿರೋ ಕೆಟ್ಟಿರಿ, ನಡೆದು ನಡೆದೇ ಸರಿಮಾಡಿಕೊಳ್ಳಬೇಕು” ಎನ್ನುತ್ತಾರೆ. ಒಬ್ಬರಿಗೆ ಮಂಜುಗಡ್ಡೆಯಲ್ಲಿ ನಂಬಿಕೆ, ಇನ್ನೊಬ್ಬರಿಗೆ ಬಿಸಿನೀರಿನ ಶಾಖದಲ್ಲಿ. ಎಣ್ಣೆ ಹಚ್ಚಿ ನೀವಿಸಿಕೊಳ್ಳಿ ಎನ್ನುವವರೂ ಅದನ್ನು ಮುಟ್ಟಲೇಬೇಡಿ ಎನ್ನುವವರೂ ಒಂದೇ ಬೀದಿಯಲ್ಲಿ ವಾಸವಾಗಿರುತ್ತಾರೆ.

ಐವತ್ತು ದಾಟಿದ ಮೇಲೂ ಬೆಳಗಿನ ಓಟವನ್ನು ಬಿಡದ ನನಗೆ, ಮೀನಖಂಡದ ಸ್ನಾಯು ಹರಿದು ಮನೆಯಲ್ಲಿ ಕುಳಿತಾಗ, ಈ ಎರಡು ಪಕ್ಷಗಳ ವಾದವನ್ನು ಕೇಳುವ ವಿರಾಮ ಬೇಕಾದಷ್ಟು ದೊರೆಯಿತು. ಇಂಥ ಸಮಯದಲ್ಲಿ ಓಟಗಾರನನ್ನು ಕಾಡುವ ಪ್ರಶ್ನೆ ಒಂದೇ: ನಾನು ಮತ್ತೆ ಓಡಬಲ್ಲೆನೆ? ಉಳಿದ ಜನಕ್ಕೆ ಇದು ಸಣ್ಣ ವಿಷಯವಾಗಿ ಕಾಣಬಹುದು. ನಡೆದಾಡಲು ಬಂದರೆ ಸಾಲದೆ ಎಂದು ಅವರು ಕೇಳುತ್ತಾರೆ. ಆದರೆ ದಿನದಿನವೂ ಓಡಿದವನಿಗೆ ಓಟವೆಂಬುದು ಸ್ನಾನ, ಊಟಗಳಂತೆ ಬದುಕಿನ ಒಂದು ಅಂಗ. ಅದು ನಿಂತಾಗ ಕಾಲಿಗಿಂತ ಮನಸ್ಸೇ ಹೆಚ್ಚು ಕುಂಟುತ್ತದೆ. ಹೊತ್ತು ಕಳೆಯಲೆಂದು ನಾನು ಹಳೆಯ ಪುಸ್ತಕಗಳನ್ನೂ ಹೊಸ ವೈದ್ಯ ವರದಿಗಳನ್ನೂ ತಿರುವಿ ಹಾಕತೊಡಗಿದೆ. ಆಗ ತಿಳಿದದ್ದೇನೆಂದರೆ, ನಮ್ಮ ಬೀದಿಯ ಜಗಳ ನಮ್ಮ ಬೀದಿಯದಲ್ಲ. ಅದಕ್ಕೆ ಸುಮಾರು ಎರಡೂವರೆ ಸಾವಿರ ವರ್ಷಗಳ ವಯಸ್ಸಾಗಿದೆ.

ಮೊದಲು ಕಾಲಿನ ವಿಷಯವನ್ನೇ ಸ್ವಲ್ಪ ನೋಡೋಣ. ನಮ್ಮ ಜನ ಇದನ್ನು “ನರ ಹಿಡಿದಿದೆ” ಎನ್ನುತ್ತಾರೆ. ನಿಜವಾಗಿ ಹರಿಯುವುದು ಮಾಂಸದ ಎಳೆಗಳು. ಓಟಗಾರರಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವ ಸ್ಥಳಗಳು ಎರಡು: ತೊಡೆಯ ಹಿಂಭಾಗ ಮತ್ತು ಮೀನಖಂಡ. ಈ ಎರಡು ಕಡೆಯ ಮುಖ್ಯ ಸ್ನಾಯುಗಳಿಗೆ ಒಂದು ಸಾಮಾನ್ಯ ಗುಣವಿದೆ. ಅವು ಒಂದು ಕೀಲನ್ನಲ್ಲ, ಎರಡೆರಡು ಕೀಲುಗಳನ್ನು ದಾಟಿ ಹೋಗುತ್ತವೆ. ತೊಡೆಯ ಹಿಂದಿನವು ಸೊಂಟದ ಕೀಲನ್ನೂ ಮಂಡಿಯನ್ನೂ ದಾಟಿದರೆ, ಮೀನಖಂಡದ ಮೇಲಿನ ಸ್ನಾಯು ಮಂಡಿಯನ್ನೂ ಹರಡನ್ನೂ ದಾಟುತ್ತದೆ. ವೇಗವಾಗಿ ಓಡುವಾಗ ಇವು ಒಂದೇ ಕ್ಷಣದಲ್ಲಿ ಹಿಗ್ಗಲೂ ಬೇಕು, ಬಿಗಿಯಲೂ ಬೇಕು. ಇಬ್ಬರು ಯಜಮಾನರ ಕೆಳಗೆ ದುಡಿಯುವ ಆಳಿನ ಪಾಡು ಇವುಗಳದು. ಇಬ್ಬರೂ ಒಟ್ಟಿಗೆ ಎಳೆದ ದಿನ ಅದು ಹರಿಯುತ್ತದೆ.

ಕಾಲಿನ ಹಿಂಬದಿಯ ಈ ದೌರ್ಬಲ್ಯವನ್ನು ವೈದ್ಯರಿಗಿಂತ ಮೊದಲು ಕಂಡುಕೊಂಡವರು ಸೈನಿಕರೆಂದು ತೋರುತ್ತದೆ. ಬೈಬಲ್ಲಿನ ಯೆಹೋಶುವನ ಗ್ರಂಥದಲ್ಲಿ ಶತ್ರುಗಳ ಕುದುರೆಗಳ ಹಿಂಗಾಲಿನ ನರಗಳನ್ನು ಕಡಿಸಿದ ಪ್ರಸಂಗವಿದೆ. ಕುದುರೆ ಸಾಯುವುದಿಲ್ಲ, ಆದರೆ ಮತ್ತೆ ಓಡುವುದಿಲ್ಲ, ರಥ ಎಳೆಯುವುದಿಲ್ಲ. ನಮ್ಮ ದೇಶದಲ್ಲಿ ಸುಶ್ರುತ ಸಂಹಿತೆಯು ಶರೀರದ 107 ಮರ್ಮಸ್ಥಾನಗಳನ್ನು ಎಣಿಸುವಾಗ ಮೀನಖಂಡದ ನಡುವೆ ಇರುವ ಒಂದನ್ನು ‘ಇಂದ್ರಬಸ್ತಿ’ ಎಂದು ಕರೆದು, ಅದನ್ನು ಮಾಂಸಮರ್ಮಗಳ ಗುಂಪಿಗೆ ಸೇರಿಸಿದೆ. ಅಲ್ಲಿ ಬೀಳುವ ಪೆಟ್ಟನ್ನು ಹಗುರವಾಗಿ ತೆಗೆದುಕೊಳ್ಳಬಾರದೆಂಬ ಅರಿವು ಅಷ್ಟು ಹಿಂದೆಯೇ ಇದ್ದಿತು.

ಆದರೆ ಪೆಟ್ಟು ಬಿದ್ದ ಮೇಲೆ ಮಾಡಬೇಕಾದುದೇನು? ಇಲ್ಲಿಂದಲೇ ವ್ಯಾಜ್ಯ ಆರಂಭ. ಗ್ರೀಸ್ ದೇಶದಲ್ಲಿ ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ಹೆರೋಡಿಕಸ್ ಎಂಬ ವ್ಯಾಯಾಮ ಶಿಕ್ಷಕನಿದ್ದ. ಕಾಯಿಲೆಗೆ ಅಂಗಸಾಧನೆಯೇ ಮದ್ದೆಂದು ಸಾರಿದವರಲ್ಲಿ ಅವನು ಮೊದಲಿಗ. ತನ್ನ ರೋಗಕ್ಕೂ ಅದನ್ನೇ ಪ್ರಯೋಗಿಸಿಕೊಂಡ. ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ ಅವನನ್ನು ಗೇಲಿ ಮಾಡಿದ್ದಾನೆ: ಈ ಮಹಾಶಯ ಮೊದಲು ತನ್ನನ್ನೂ ಆಮೇಲೆ ಇತರರನ್ನೂ ಹಿಂಸಿಸಿ, ಸಾವನ್ನು ಮುಪ್ಪಿನವರೆಗೆ ಉದ್ದಕ್ಕೆ ಎಳೆದನೆಂಬುದು ಆ ಗೇಲಿಯ ತಾತ್ಪರ್ಯ. ಹಿಪೋಕ್ರಟೀಸನ ಹೆಸರಿನಲ್ಲಿರುವ ಗ್ರಂಥವೊಂದು ಇನ್ನೂ ಕಠಿಣವಾಗಿದೆ. ಜ್ವರ ಬಂದವರನ್ನು ಓಡಿಸಿ, ಕುಸ್ತಿ ಆಡಿಸಿ ಹೆರೋಡಿಕಸ್ ಕೊಂದನೆಂದು ಅದು ನೇರವಾಗಿಯೇ ಆಪಾದಿಸುತ್ತದೆ. ಎದುರುಮನೆಯವರ ಪಕ್ಷಕ್ಕೆ ದೊರೆತ ಮೊದಲ ವಕೀಲನಿಗೆ ಹೀಗೆ ಕೆಟ್ಟ ಹೆಸರು ಬಂದಿತು.

ಇದಾದ ಎಷ್ಟೋ ಶತಮಾನಗಳ ಮೇಲೆ, ಕ್ರೀಡಾಭ್ಯಾಸವನ್ನು ಕುರಿತು ಬರೆದ ಫಿಲೋಸ್ಟ್ರೇಟಸ್ ಒಂದು ದಾರುಣವಾದ ಕತೆ ಹೇಳುತ್ತಾನೆ. ಅವನ ಕಾಲಕ್ಕೆ ನಾಲ್ಕು ದಿನಗಳ ಚಕ್ರವೊಂದು ರೂಢಿಯಲ್ಲಿತ್ತು. ಒಂದು ದಿನ ಸಿದ್ಧತೆ, ಒಂದು ದಿನ ಕಠಿಣ ಸಾಧನೆ, ಒಂದು ದಿನ ವಿಶ್ರಾಂತಿ, ಒಂದು ದಿನ ಮಧ್ಯಮ ಸಾಧನೆ. ಒಲಿಂಪಿಯದಲ್ಲಿ ಗೆದ್ದ ಗೆರೆನಸ್ ಎಂಬ ಕುಸ್ತಿಪಟು ಗೆಲುವಿನ ಸಂತೋಷಕೂಟದಲ್ಲಿ ಕುಡಿದು ಆಯಾಸಗೊಂಡಿದ್ದ. ಮೈ ಸರಿಯಿಲ್ಲವೆಂದು ಅವನು ಹೇಳಿದರೂ, ಚಕ್ರ ತಪ್ಪಬಾರದೆಂದು ಗುರು ಕೋಪಗೊಂಡು ಅವನನ್ನು ಅಖಾಡಕ್ಕೆ ಇಳಿಸಿದ. ಗೆರೆನಸ್ ಅಲ್ಲಿಯೇ ಪ್ರಾಣ ಬಿಟ್ಟ. ಮೈಯ ಮಾತನ್ನು ಕೇಳದೆ ಪಂಚಾಂಗದ ಮಾತನ್ನು ಕೇಳಿದರೆ ಏನಾಗುತ್ತದೆಂಬುದಕ್ಕೆ ಫಿಲೋಸ್ಟ್ರೇಟಸ್ ಇದನ್ನು ದೃಷ್ಟಾಂತವಾಗಿ ಕೊಟ್ಟಿದ್ದಾನೆ. ಕಾಲು ನೋಯಿಸಿಕೊಂಡು, ಮುಂದಿನ ತಿಂಗಳ ಓಟಕ್ಕೆ ಹಣ ಕಟ್ಟಿಬಿಟ್ಟಿದ್ದೇನೆಂದು ಚಡಪಡಿಸುವ ಈಗಿನವರು ಈ ಕತೆಯನ್ನು ಎರಡು ಸಲ ಓದುವುದು ಒಳ್ಳೆಯದು.

ನಮ್ಮ ಹಿರಿಯರು ಈ ಪ್ರಶ್ನೆಗೆ ಕೊಟ್ಟ ಉತ್ತರ ಬಲು ಸರಳವಾದುದು. ವ್ಯಾಯಾಮವನ್ನು ತನ್ನ ಬಲದ ಅರ್ಧಕ್ಕೆ ನಿಲ್ಲಿಸಬೇಕೆಂದು ಸುಶ್ರುತ ಸಂಹಿತೆ ವಿಧಿಸುತ್ತದೆ. ಅರ್ಧವಾಯಿತೆಂದು ತಿಳಿಯುವುದು ಹೇಗೆ? ಉಸಿರು ಬಾಯಿಯಿಂದ ಹೊರಡತೊಡಗಿದರೆ ಅದೇ ಗುರುತು. ಗಡಿಯಾರವಿಲ್ಲ, ಲೆಕ್ಕದ ಪಟ್ಟಿಯಿಲ್ಲ. ಅಳತೆಗೋಲು ಮೈಯೊಳಗೇ ಇದೆ. ನಮ್ಮ ಗರಡಿಮನೆಗಳಲ್ಲಿಯೂ ಸಾಮು, ಬೈಠಕ್ಕುಗಳಷ್ಟೇ ಮುಖ್ಯವಾಗಿ ಎಣ್ಣೆ ತಿಕ್ಕುವ ಕಲೆ ಬೆಳೆದು ಬಂದಿತು. ಉಸ್ತಾದನ ಹೆಬ್ಬೆರಳಿಗೆ ಯಾವ ಮಾಂಸಖಂಡ ಬಿಗಿದಿದೆ, ಯಾವುದು ಸಡಿಲಾಗಿದೆ ಎಂಬುದು ಗೊತ್ತಾಗುತ್ತಿತ್ತು. ಇದನ್ನು ಹೊಗಳುವಾಗ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಆಗ ತಾನೇ ಜಜ್ಜಿದ ಸ್ನಾಯುವನ್ನು ಬಲವಾಗಿ ತಿಕ್ಕಿದರೆ ಒಳಗಿನ ರಕ್ತಸ್ರಾವ ಹೆಚ್ಚುತ್ತದೆ. ಕೆಲವೊಮ್ಮೆ ಮಾಂಸದ ನಡುವೆ ಎಲುಬಿನಂಥ ಗಂಟು ಬೆಳೆಯುವುದೂ ಉಂಟೆಂದು ವೈದ್ಯರು ಬಲ್ಲರು. ಕೈಗುಣ ಒಳ್ಳೆಯದೇ, ಆದರೆ ಅದಕ್ಕೂ ಕಾಲವಿದೆ.

ಇನ್ನು 19ನೆಯ ಶತಮಾನದ ಯೂರೋಪಿಗೆ ಬರೋಣ. ವ್ಯಾಜ್ಯ ನಿಜವಾಗಿ ಕಾವೇರಿದುದು ಅಲ್ಲಿ. ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ ಎಂಬ ಕತ್ತಿವರಸೆಯ ಶಿಕ್ಷಕ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಂಗಸಾಧನೆಯ ಕೇಂದ್ರ ಸಂಸ್ಥೆಯೊಂದನ್ನು ಸ್ಥಾಪಿಸಿದ. ಅಲ್ಲಿ ಕಲಿತವರು ಚಲನೆಯ ಚಿಕಿತ್ಸೆಯನ್ನು ಯೂರೋಪಿನ ತುಂಬ ಹರಡಿದರು. ಅತ್ತ ಇಂಗ್ಲೆಂಡಿನಲ್ಲಿ ಗಾಳಿ ತಿರುಗಿ ಬೀಸುತ್ತಿತ್ತು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಿಲ್ಟನ್ 1860ರಿಂದ 1862ರವರೆಗೆ ಉಪನ್ಯಾಸಗಳನ್ನು ಕೊಟ್ಟು, ನೋವು ಎಂಬುದು ಪ್ರಕೃತಿಯು ವಿಶ್ರಾಂತಿಗೆ ಕರೆಯುವ ಕರೆಯೆಂದು ವಾದಿಸಿದ. 1863ರಲ್ಲಿ ಪುಸ್ತಕವಾದ ಆ ಉಪನ್ಯಾಸಗಳು ಎರಡು ಮೂರು ತಲೆಮಾರಿನ ವೈದ್ಯರಿಗೆ ಪಾಠವಾದವು. ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸ್ ಇನ್ನೂ ಮುಂದೆ ಹೋದ. ವಿಶ್ರಾಂತಿಯು ಬಲವಂತದ್ದಾಗಿರಬೇಕು, ಎಡೆಬಿಡದಿರಬೇಕು, ದೀರ್ಘವಾಗಿರಬೇಕು ಎಂಬುದು ಅವನ ಸೂತ್ರ.

ಥಾಮಸನನ್ನು ನಾವು ನಗುವಂತಿಲ್ಲ. ಅವನ ಹೆಸರಿನ ಕಬ್ಬಿಣದ ಆಧಾರಪಟ್ಟಿ, ಅವನು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ಮೊದಲನೆಯ ಮಹಾಯುದ್ಧದಲ್ಲಿ ತೊಡೆಯ ಎಲುಬು ಮುರಿದ ಅಸಂಖ್ಯ ಸಿಪಾಯಿಗಳ ಪ್ರಾಣ ಉಳಿಸಿತು. ಮುರಿದ ಎಲುಬಿಗೆ ನಿಶ್ಚಲತೆ ಬೇಕೆಂಬುದು ಸತ್ಯ. ಆದರೆ ಎಲುಬಿಗೆ ಸಲ್ಲುವ ನ್ಯಾಯವನ್ನು ಮಾಂಸಕ್ಕೂ ಅನ್ವಯಿಸಿದುದರಿಂದ ತೊಂದರೆಯಾಯಿತು. ಪ್ಯಾರಿಸ್ಸಿನ ಲೂಕಾ ಶಾಂಪಿಯೋನಿಯೇರ್ ಎಂಬ ಶಸ್ತ್ರವೈದ್ಯ ಇದನ್ನು ಗುರುತಿಸಿದ. ಮುರಿದ ಅಂಗಗಳಿಗೂ ಹಗುರವಾದ ನೀವುವಿಕೆ, ಬೇಗನೆ ಆರಂಭಿಸಿದ ಚಲನೆ ಒಳ್ಳೆಯದೆಂದು ಆ ಶತಮಾನದ ಕೊನೆಯಲ್ಲಿ ಅವನು ಬರೆದ. ಚಲನೆಯೇ ಜೀವವೆಂಬುದು ಅವನ ವಾದದ ಸಾರ. ಇದೇ ಸಮಯದಲ್ಲಿ, 1894ರಲ್ಲಿ, ಲಂಡನ್ನಿನ ಕೆಲವರು ಹೆಂಗಸರು ಸೇರಿ ತರಬೇತಿ ಪಡೆದ ಅಂಗಮರ್ದನಕಾರ್ತಿಯರ ಸಂಘವನ್ನು ಕಟ್ಟಿಕೊಂಡರು. ಈಗ ನಾವು ಫಿಸಿಯೋಥೆರಪಿ ಎಂದು ಕರೆಯುವ ವೃತ್ತಿಗೆ ಬ್ರಿಟನ್ನಿನಲ್ಲಿ ಬುನಾದಿ ಹಾಕಿದುದು ಆ ಸಂಘ.

ಮೀನಖಂಡದ ಪೆಟ್ಟಿಗೆ ವೈದ್ಯ ಪತ್ರಿಕೆಗಳಲ್ಲಿ ಪ್ರತ್ಯೇಕ ಹೆಸರು ಬಂದುದೂ ಆಗಲೇ. 1880ರ ದಶಕದಲ್ಲಿ ಇಂಗ್ಲೆಂಡಿನ ಶ್ರೀಮಂತರ ತೋಟಗಳಲ್ಲಿ ಲಾನ್ ಟೆನಿಸ್ ಎಂಬ ಹೊಸ ಆಟದ ಹುಚ್ಚು ಹಬ್ಬಿತ್ತು. ನಡುವಯಸ್ಸಿನ ಮಹನೀಯರು ಚೆಂಡಿನ ಹಿಂದೆ ಹಾರಿ, ಯಾರೋ ಹಿಂದಿನಿಂದ ಕಾಲಿಗೆ ಹೊಡೆದರೆಂದು ತಿರುಗಿ ನೋಡುತ್ತಿದ್ದರು. ಹಿಂದೆ ಯಾರೂ ಇರುತ್ತಿರಲಿಲ್ಲ. 1883ರಲ್ಲಿ ವೈದ್ಯರು ಇದಕ್ಕೆ ‘ಲಾನ್ ಟೆನಿಸ್ ಕಾಲು’ ಎಂದು ನಾಮಕರಣ ಮಾಡಿದರು. ಮೀನಖಂಡದೊಳಗಿನ ತೆಳ್ಳನೆಯ, ಉದ್ದನೆಯ ಒಂದು ಸ್ನಾಯು ತುಂಡಾಗುವುದರಿಂದ ಹೀಗಾಗುತ್ತದೆಂದು ಬಹುಕಾಲ ನಂಬಿದ್ದರು. ಹೆಚ್ಚಿನ ರೋಗಿಗಳಲ್ಲಿ ಹರಿಯುವುದು ಹೊರಗೆ ಉಬ್ಬಿ ಕಾಣುವ ದೊಡ್ಡ ಸ್ನಾಯುವಿನ ಒಳಮಗ್ಗುಲೆಂಬುದು ಆಮೇಲೆ ತಿಳಿಯಿತು. ಹಿಂದಿನಿಂದ ಯಾರೋ ಕಲ್ಲೆಸೆದರೆಂಬ ಆ ಭ್ರಮೆಯಲ್ಲಿ ಮಾತ್ರ ಏನೂ ಬದಲಾವಣೆಯಿಲ್ಲ. ನಾನೂ ತಿರುಗಿ ನೋಡಿದವನೇ.

20ನೆಯ ಶತಮಾನದಲ್ಲಿ ಈ ವ್ಯಾಜ್ಯದ ದಿಕ್ಕನ್ನು ಬದಲಿಸಿದುದು ಓಟದ ಮೈದಾನವಲ್ಲ, ಪೋಲಿಯೋ ರೋಗ. ಪೋಲಿಯೋ ತಗುಲಿದ ಮಕ್ಕಳ ಕೈಕಾಲುಗಳನ್ನು ಪಟ್ಟಿಯಲ್ಲಿಯೋ ಗಚ್ಚಿನಲ್ಲಿಯೋ ಬಿಗಿದು ತಿಂಗಳುಗಟ್ಟಲೆ ಮಲಗಿಸುವುದು ಆಗಿನ ಪದ್ಧತಿ. ಆಸ್ಟ್ರೇಲಿಯದ ಎಲಿಜಬೆತ್ ಕೆನ್ನಿ ಎಂಬ ದಾದಿ, ವೈದ್ಯರಿಲ್ಲದ ಹಳ್ಳಿಗಾಡಿನಲ್ಲಿ ಕೆಲಸ ಮಾಡುತ್ತಿದ್ದವಳು, ಇದಕ್ಕೆ ವಿರುದ್ಧವಾಗಿ ನಡೆದಳು. ಉಣ್ಣೆಯ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ಸುತ್ತುವುದು, ಸೆಳೆತ ಇಳಿದ ಮೇಲೆ ಅಂಗವನ್ನು ಮೆಲ್ಲಗೆ ಆಡಿಸುವುದು, ಸ್ನಾಯುವಿಗೆ ಮತ್ತೆ ಕೆಲಸ ಕಲಿಸುವುದು: ಇಷ್ಟೇ ಅವಳ ವಿಧಾನ. 1938ರಲ್ಲಿ ಕ್ವೀನ್ಸ್‌ಲ್ಯಾಂಡಿನ ವೈದ್ಯರ ಆಯೋಗ ಅವಳ ಪದ್ಧತಿಯನ್ನು ಖಂಡಿಸಿತು. 1940ರಲ್ಲಿ ಅವಳು ಅಮೆರಿಕಕ್ಕೆ ಹೋದಳು. ಎರಡೇ ವರ್ಷಗಳಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಅವಳ ಹೆಸರಿನ ಸಂಸ್ಥೆ ತೆರೆಯಿತು. ರೋಗದ ಕಾರಣವನ್ನು ಕುರಿತು ಅವಳು ಹೇಳಿದ ಸಿದ್ಧಾಂತ ನಿಲ್ಲಲಿಲ್ಲ. ಆದರೆ ಬಿಗಿದು ಕಟ್ಟುವ ಪದ್ಧತಿ ಹೋಗಿ, ಆಡಿಸುವ ಪದ್ಧತಿ ಉಳಿಯಿತು.

ಇಲ್ಲಿ ಇಬ್ಬರು ಓಟಗಾರರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಅಮೆರಿಕದ ಕ್ಯಾನ್ಸಾಸ್ ಸೀಮೆಯಲ್ಲಿ ಗ್ಲೆನ್ ಕನಿಂಗ್‌ಹ್ಯಾಮ್ ಎಂಬ ಬಾಲಕ ಶಾಲೆಯಲ್ಲಿ ಎದ್ದ ಬೆಂಕಿಗೆ ಸಿಕ್ಕಿದ. ಅಣ್ಣ ತೀರಿಕೊಂಡ. ತಮ್ಮನ ಕಾಲುಗಳ ಮಾಂಸ ಬೆಂದು ಹೋಗಿತ್ತು. ಎಡಗಾಲಿನ ಬೆರಳುಗಳು ಉಳಿಯಲಿಲ್ಲ. ಕಾಲು ಕತ್ತರಿಸುವುದೇ ಸರಿಯೆಂದು ವೈದ್ಯರು ಹೇಳಿದಾಗ ಮನೆಯವರು ಒಪ್ಪಲಿಲ್ಲ. ದಿನದಿನವೂ ಕಾಲನ್ನು ನೀವಿದರು, ಮಡಿಚಿ ಬಿಡಿಸಿದರು. ಆ ಹುಡುಗ 1934ರಲ್ಲಿ ಒಂದು ಮೈಲಿಯನ್ನು 4 ನಿಮಿಷ 6.8 ಸೆಕೆಂಡುಗಳಲ್ಲಿ ಓಡಿ ಜಗತ್ತಿನ ದಾಖಲೆ ಸ್ಥಾಪಿಸಿದ; 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ 1500 ಮೀಟರಿನ ಬೆಳ್ಳಿ ಪದಕ ಪಡೆದ.

ಎರಡನೆಯವಳು ವಿಲ್ಮಾ ರುಡಾಲ್ಫ್. 1940ರಲ್ಲಿ ಟೆನೆಸ್ಸಿ ಸಂಸ್ಥಾನದ ಬಡ ನೀಗ್ರೋ ಕುಟುಂಬವೊಂದರಲ್ಲಿ ಹುಟ್ಟಿದವಳು. ಬಾಲ್ಯದಲ್ಲಿಯೇ ಪೋಲಿಯೋ ಬಂದು ಎಡಗಾಲು ಸೊರಗಿತು. ಕರಿಯರನ್ನು ಸೇರಿಸಿಕೊಳ್ಳುವ ಆಸ್ಪತ್ರೆಗಾಗಿ ತಾಯಿ ಅವಳನ್ನು ಸುಮಾರು 50 ಮೈಲಿ ದೂರದ ನ್ಯಾಶ್‌ವಿಲ್‌ಗೆ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದಳು. ಅಲ್ಲಿ ನೋಡಿ ಕಲಿತ ನೀವುವಿಕೆಯನ್ನು ಮನೆಗೆ ಬಂದು ಮಕ್ಕಳಿಗೆ ಹೇಳಿಕೊಟ್ಟಳು. ಅಕ್ಕ ಅಣ್ಣಂದಿರು ಸರದಿಯ ಮೇಲೆ ದಿನಕ್ಕೆ ನಾಲ್ಕು ಸಲ ತಂಗಿಯ ಕಾಲು ತಿಕ್ಕಿದರು. ಕಾಲಿಗೆ ಲೋಹದ ಪಟ್ಟಿ ಕಟ್ಟಿ ನಡೆದ ಆ ಹುಡುಗಿ 1960ರ ರೋಮ್ ಒಲಿಂಪಿಕ್ಸಿನಲ್ಲಿ 100 ಮೀಟರ್, 200 ಮೀಟರ್ ಮತ್ತು ರಿಲೇ, ಈ ಮೂರರಲ್ಲಿಯೂ ಚಿನ್ನ ಗೆದ್ದಳು. ಇವರಿಬ್ಬರದೂ ನನ್ನಂಥವರ ಹರಿದ ಸ್ನಾಯುವಿನ ಕತೆಯಲ್ಲ, ನಿಜ. ಆದರೆ ಸೊರಗಿದ ಸ್ನಾಯುವನ್ನು ಮತ್ತೆ ದುಡಿಯುವಂತೆ ಮಾಡಿದ ಕೈಗಳು ಯಾರವು? ಪದವಿ ಇಲ್ಲದ ತಾಯಂದಿರು, ಅಕ್ಕಂದಿರು, ಒಬ್ಬಳು ದಾದಿ. ಪದಕಗಳ ಪಟ್ಟಿಯಲ್ಲಿ ಆ ಕೈಗಳಿಗೆ ಸ್ಥಳವಿಲ್ಲದಿರಬಹುದು, ಇತಿಹಾಸದಲ್ಲಾದರೂ ಇರಬೇಕು.

ಕೈಗಳು ಕಂಡುಕೊಂಡ ಸತ್ಯವನ್ನು ಲೆಕ್ಕಕ್ಕೆ ಇಳಿಸುವ ಕೆಲಸ ಎರಡನೆಯ ಮಹಾಯುದ್ಧದ ಕೊನೆಗೆ ಆರಂಭವಾಯಿತು. ಶಿಕಾಗೋದ ಸೇನಾ ಆಸ್ಪತ್ರೆಯೊಂದು ಗಾಯಗೊಂಡ ಸಿಪಾಯಿಗಳಿಂದ ತುಂಬಿಹೋಗಿತ್ತು. ಥಾಮಸ್ ಡಿಲೋರ್ಮ್ ಎಂಬ ತರುಣ ವೈದ್ಯ, ತಾನು ಹುಡುಗನಾಗಿದ್ದಾಗ ಕಾಯಿಲೆ ಬಿದ್ದು ಭಾರ ಎತ್ತಿ ಚೇತರಿಸಿಕೊಂಡಿದ್ದವನು, ಸೊರಗಿದ ಕಾಲುಗಳಿಗೆ ಭಾರ ಎತ್ತಿಸತೊಡಗಿದ. ಮೊದಲು ಹಗುರ, ಆಮೇಲೆ ಸ್ವಲ್ಪ ಹೆಚ್ಚು, ಆಮೇಲೆ ಇನ್ನೂ ಸ್ವಲ್ಪ. 1945ರಲ್ಲಿ ಅವನ ಲೇಖನ ಪ್ರಕಟವಾಯಿತು. ಈಗ ಯಾವ ಊರಿನ ಚಿಕಿತ್ಸಾಲಯಕ್ಕೆ ಹೋದರೂ ಹತ್ತು ಸಲ, ಮೂರು ಸರದಿ ಎಂದು ಹೇಳುವ ಲೆಕ್ಕದ ಬೇರು ಅಲ್ಲಿದೆ.

ಮಲಗುವುದರಿಂದ ಆಗುವ ನಷ್ಟ ಎಷ್ಟೆಂಬುದನ್ನೂ ಅಳೆದರು. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯ ಮೇಲೆ ಮಲಗಿಸಿದರು. ಅವರ ದೇಹ ಪ್ರಾಣವಾಯುವನ್ನು ಬಳಸುವ ಶಕ್ತಿ ಸುಮಾರು ಕಾಲು ಭಾಗದಷ್ಟು ಕುಗ್ಗಿತು. ಮೂವತ್ತು ವರ್ಷಗಳಾದ ಮೇಲೆ ಅದೇ ಐವರನ್ನು ಕರೆಸಿ ಪರೀಕ್ಷಿಸಿದಾಗ ಕಂಡ ಸಂಗತಿ ವಿಸ್ಮಯಕರ. ಮೂವತ್ತು ವರ್ಷಗಳ ಮುಪ್ಪು ಮಾಡಿದ ಹಾನಿಗಿಂತ ಆ ಮೂರು ವಾರಗಳ ಹಾಸಿಗೆ ಮಾಡಿದ್ದ ಹಾನಿಯೇ ಹೆಚ್ಚಾಗಿತ್ತು! ನೆರೆಮನೆಯ ರಾಯರಿಗೆ ಇದನ್ನು ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹುಡುಗರ ಕಾಲೇನೂ ಹರಿದಿರಲಿಲ್ಲವಲ್ಲ” ಎಂದರು. ಮಾತು ಸರಿಯಾಗಿಯೇ ಇತ್ತು.

ರಾಯರ ಆ ಪ್ರಶ್ನೆಗೆ ಉತ್ತರ ಬಂದುದು ಫಿನ್‌ಲ್ಯಾಂಡಿನಿಂದ. ಅದಕ್ಕೆ ಹಿನ್ನೆಲೆಯಾಗಿ 1961ರ ಒಂದು ಶೋಧವನ್ನು ಹೇಳಬೇಕು. ಅಲೆಕ್ಸಾಂಡರ್ ಮೌರೊ ಎಂಬ ವಿಜ್ಞಾನಿ ಕಪ್ಪೆಯ ಕಾಲಿನ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಎಳೆಗಳ ಅಂಚಿನಲ್ಲಿ ಅಂಟಿಕೊಂಡು ಸುಮ್ಮನೆ ಕುಳಿತಿದ್ದ ಪುಟ್ಟ ಜೀವಕೋಶಗಳನ್ನು ಕಂಡ. ಗ್ರಹದ ಬಳಿಯ ಉಪಗ್ರಹದಂತಿದ್ದುದರಿಂದ ಅವಕ್ಕೆ ಉಪಗ್ರಹಕೋಶಗಳೆಂದೇ ಹೆಸರಾಯಿತು. ಸ್ನಾಯು ಹರಿದಾಗ ಎಚ್ಚೆತ್ತು, ಹೆಚ್ಚಿ, ಹೊಸ ಎಳೆಗಳನ್ನು ಹೆಣೆಯುವವು ಇವೇ. ಇವುಗಳ ಜೊತೆಗೆ ಇನ್ನೊಂದು ಕೆಲಸವೂ ನಡೆಯುತ್ತದೆ. ಹರಿದ ತುದಿಗಳ ನಡುವೆ ಕಲೆಗಟ್ಟಿದ ನಾರು ಬೆಳೆದು ಅವನ್ನು ಕೂಡಿಸುತ್ತದೆ. ಒಂದು ನೇಯ್ಗೆ, ಇನ್ನೊಂದು ತೇಪೆ. ತೇಪೆ ಬೇಕು, ಆದರೆ ಅದೇ ದೊಡ್ಡದಾದರೆ ಬಟ್ಟೆ ಹಿಗ್ಗುವುದಿಲ್ಲ.

1970ರ ದಶಕದಲ್ಲಿ ಫಿನ್‌ಲ್ಯಾಂಡಿನ ಮಾರ್ಕ್ಕು ಯಾರ್ವಿನೆನ್ ಎಂಬ ವೈದ್ಯ ಇಲಿಗಳ ಮೀನಖಂಡಗಳನ್ನು ಪರೀಕ್ಷಿಸಿ ಈ ನೇಯ್ಗೆ, ತೇಪೆಗಳ ಪರಸ್ಪರ ಸಂಬಂಧವನ್ನು ಬಿಡಿಸಿ ತೋರಿಸಿದ. ಪೆಟ್ಟಾದ ಕೂಡಲೆ ಓಡಾಡಿಸಿದ ಇಲಿಗಳಲ್ಲಿ ತೇಪೆ ದೊಡ್ಡದಾಯಿತು. ಬಹುದಿನ ಕಟ್ಟಿಹಾಕಿದ ಇಲಿಗಳಲ್ಲಿ ಹೊಸ ಎಳೆಗಳು ಅಡ್ಡಾದಿಡ್ಡಿಯಾಗಿ ಬೆಳೆದು ಸ್ನಾಯು ದುರ್ಬಲವಾಯಿತು. ಕೆಲವೇ ದಿನ ಕಟ್ಟಿಹಾಕಿ ಆಮೇಲೆ ಓಡಾಡಲು ಬಿಟ್ಟವುಗಳಲ್ಲಿ ಎಳೆಗಳು ಸಾಲಾಗಿ, ಎಳೆತದ ದಿಕ್ಕಿನಲ್ಲಿ ಬೆಳೆದು ಗಟ್ಟಿಯಾದವು. ಎಳೆತವೇ ಎಳೆಗೆ ದಿಕ್ಕು ತೋರಿಸುತ್ತದೆ. ಅಂದರೆ ರಾಯರೂ ಸರಿ, ಎದುರುಮನೆಯವರೂ ಸರಿ. ಮೊದಲ ಮೂರು ನಾಲ್ಕು ದಿನ ರಾಯರದು. ಅಲ್ಲಿಂದ ಮುಂದೆ ಎದುರುಮನೆಯವರದು.

ಆದರೂ ಜನಪ್ರಿಯವಾದುದು ಮತ್ತೊಂದು ಸೂತ್ರ. ಅಮೆರಿಕದ ಗೇಬ್ ಮಿರ್ಕಿನ್ ಎಂಬ ವೈದ್ಯ 1978ರಲ್ಲಿ ಬರೆದ ಪುಸ್ತಕದಲ್ಲಿ ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಕಾಲನ್ನು ಎತ್ತರದಲ್ಲಿಡುವುದು ಎಂಬ ನಾಲ್ಕನ್ನು ಸೇರಿಸಿ, ಇಂಗ್ಲಿಷಿನ ಮೊದಲ ಅಕ್ಷರಗಳಿಂದ ‘ರೈಸ್’ ಎಂಬ ಪದ ಮಾಡಿದ. ನಮ್ಮ ಅನ್ನಕ್ಕೂ ಇದಕ್ಕೂ ಸಂಬಂಧವಿಲ್ಲದಿದ್ದರೂ ಅನ್ನದಷ್ಟೇ ಬೇಗ ಅದು ಲೋಕಪ್ರಿಯವಾಯಿತು. ಸುಮಾರು ಮೂವತ್ತೈದು ವರ್ಷಗಳ ಮೇಲೆ ಅದೇ ಮಿರ್ಕಿನ್, ಮಂಜುಗಡ್ಡೆಯೂ ಪೂರ್ಣ ವಿಶ್ರಾಂತಿಯೂ ಗುಣವಾಗುವುದನ್ನು ತಡಮಾಡಬಹುದೆಂದು ಬರೆದು ತನ್ನ ಮಾತನ್ನು ತಾನೇ ತಿದ್ದಿಕೊಂಡ. ತನ್ನ ಹೆಸರಿಗೆ ಕೀರ್ತಿ ತಂದ ಮಾತನ್ನು ಹಿಂತೆಗೆದುಕೊಳ್ಳುವ ಧೈರ್ಯ ಎಲ್ಲ ಪಂಡಿತರಿಗೂ ಬರುವುದಿಲ್ಲ.

2017ರಲ್ಲಿ ಕೋಪನ್‌ಹೇಗನ್ನಿನ ಸಂಶೋಧಕರು ಇಲಿಗಳನ್ನು ಬಿಟ್ಟು ಮನುಷ್ಯರನ್ನೇ ಪರೀಕ್ಷಿಸಿದರು. ತೊಡೆಯ ಅಥವಾ ಮೀನಖಂಡದ ಸ್ನಾಯು ಹರಿದುಕೊಂಡ 50 ಮಂದಿ ಹವ್ಯಾಸಿ ಆಟಗಾರರು. ಅರ್ಧದಷ್ಟು ಜನಕ್ಕೆ ಪೆಟ್ಟಾದ ಎರಡು ದಿನಕ್ಕೆ ಸಾಧನೆ ಆರಂಭಿಸಿದರು. ಉಳಿದವರಿಗೆ ಒಂಬತ್ತು ದಿನಕ್ಕೆ. ಮೊದಲ ಗುಂಪಿನವರು ನೋವಿಲ್ಲದೆ ಆಟಕ್ಕೆ ಮರಳಲು ಸುಮಾರು 62 ದಿನ ಬೇಕಾದರೆ, ಎರಡನೆಯ ಗುಂಪಿನವರಿಗೆ 83 ದಿನ ಬೇಕಾಯಿತು. ಆರಂಭದಲ್ಲಿ ಕಳೆದ ಒಂದು ವಾರಕ್ಕೆ ಕೊನೆಯಲ್ಲಿ ಮೂರು ವಾರಗಳ ಬಡ್ಡಿ! ಇನ್ನೊಂದು ಮಾತನ್ನೂ ಈ ಅಂಕಿಗಳು ಹೇಳುತ್ತವೆ. ಬೇಗ ಆರಂಭಿಸಿದವರಿಗೂ ಎರಡು ತಿಂಗಳು ಹಿಡಿಯಿತು. ಹದಿನೈದು ದಿನಗಳಲ್ಲಿ ಓಡಿಸುತ್ತೇನೆಂದು ಆಸೆ ಹುಟ್ಟಿಸುವವರ ಮುಂದೆ ಈ ಲೆಕ್ಕವನ್ನು ಇಡಬೇಕು.

ನನಗೆ ಚಿಕಿತ್ಸೆ ಮಾಡಿದ ತರುಣಿ ಈ ಇತಿಹಾಸವನ್ನೆಲ್ಲ ಹೇಳಲಿಲ್ಲ. “ಮೊದಲು ಗೋಡೆ ಹಿಡಿದು ಹಿಮ್ಮಡಿ ಎತ್ತಿ ಅಂಕಲ್, ಆಮೇಲೆ ಮಾತಾಡೋಣ” ಎಂದಳು. ಎರಡೂ ಕಾಲಿನ ಮೇಲೆ ಎತ್ತಿದ್ದಾಯಿತು. ಪೆಟ್ಟಾದ ಒಂದೇ ಕಾಲಿನ ಮೇಲೆ ನಿಂತು ಎತ್ತುವ ದಿನ ಬರಲು ವಾರಗಳು ಹಿಡಿದವು. ಮೊದಲು ನಡಿಗೆ, ಆಮೇಲೆ ಬಿರುಸು ನಡಿಗೆ, ಒಂದು ನಿಮಿಷದ ಓಟಕ್ಕೆ ಎರಡು ನಿಮಿಷದ ನಡಿಗೆ. ಇದರಲ್ಲಿ ವೀರರಸವೇನೂ ಇಲ್ಲ. ಉದ್ಯಾನದಲ್ಲಿ ನನಗಿಂತ ಹಿರಿಯರು ನನ್ನನ್ನು ದಾಟಿ ಹೋಗುವಾಗ ಹುಮ್ಮಸ್ಸು ಕಾಲನ್ನು ಎಳೆಯುತ್ತದೆ. ಕಾಲು, ತಾಳು ಎನ್ನುತ್ತದೆ. ನೋವಿಗಿಂತ ಕಷ್ಟವಾದುದು ಅಂಜಿಕೆ. ಮಾಂಸ ಕೂಡಿಕೊಂಡ ಎಷ್ಟೋ ದಿನಗಳ ಮೇಲೂ ಹೆಜ್ಜೆ ಊರುವ ಮುನ್ನ ಮನಸ್ಸು ಒಂದು ಕ್ಷಣ ತಡೆಯುತ್ತದೆ. ಅದಕ್ಕೆ ಮಂಜುಗಡ್ಡೆಯೂ ಇಲ್ಲ, ಶಾಖವೂ ಇಲ್ಲ. ಏನೂ ಆಗದೆ ಊರಿದ ಸಾವಿರ ಹೆಜ್ಜೆಗಳೇ ಅದರ ಮದ್ದು.

ಒಮ್ಮೆ ಹರಿದ ಸ್ನಾಯು ಮತ್ತೆ ಹರಿಯುವ ಸಂಭವ ಹೆಚ್ಚೆಂಬುದನ್ನು ವೈದ್ಯರೆಲ್ಲ ಒಪ್ಪುತ್ತಾರೆ. ತಡೆಯುವ ಉಪಾಯವೂ ಇದೆ. ಮಂಡಿಯೂರಿ ಕುಳಿತು, ಹರಡುಗಳನ್ನು ಇನ್ನೊಬ್ಬರು ಹಿಡಿದಿರಲು, ದೇಹವನ್ನು ಮೆಲ್ಲಮೆಲ್ಲಗೆ ಮುಂದಕ್ಕೆ ಬಾಗಿಸುವ ಒಂದು ಸಾಧನೆಯನ್ನು ಡೆನ್ಮಾರ್ಕಿನ 900ಕ್ಕೂ ಹೆಚ್ಚು ಫುಟ್‌ಬಾಲ್ ಆಟಗಾರರ ಮೇಲೆ ಪ್ರಯೋಗಿಸಿ, 2011ರಲ್ಲಿ ಫಲ ಪ್ರಕಟಿಸಿದರು. ಅದನ್ನು ಮಾಡಿದವರಲ್ಲಿ ತೊಡೆಯ ಹಿಂಭಾಗದ ಪೆಟ್ಟುಗಳು ಅರ್ಧಕ್ಕಿಂತ ಕಡಿಮೆಯಾದವು. ಸ್ನಾಯು ಹಿಗ್ಗುತ್ತಲೇ ಬಿಗಿಯುವುದನ್ನು ಅದು ಕಲಿಸುತ್ತದೆ. ಯಾವ ಕೆಲಸದಲ್ಲಿ ಸೋತಿತೋ ಅದೇ ಕೆಲಸದಲ್ಲಿ ಅದನ್ನು ಪಳಗಿಸುವುದು ಎಂದರೂ ಸರಿ.

ಎಲ್ಲರೂ ಮರಳುತ್ತಾರೆಯೆ? ಇಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸಿನ 400 ಮೀಟರ್ ಉಪಾಂತ್ಯ ಓಟದಲ್ಲಿ ಇಂಗ್ಲೆಂಡಿನ ಡೆರೆಕ್ ರೆಡ್ಮಂಡ್ ತೊಡೆ ಹಿಡಿದು ಕುಸಿದ. ಎದ್ದು ಒಂಟಿ ಕಾಲಿನಲ್ಲಿ ಕುಪ್ಪಳಿಸತೊಡಗಿದ. ಪ್ರೇಕ್ಷಕರ ನಡುವಿನಿಂದ ಅವನ ತಂದೆ ಕಾವಲಿನವರನ್ನು ದಾಟಿ ಓಡಿಬಂದು ಮಗನಿಗೆ ಹೆಗಲು ಕೊಟ್ಟ. ಇಬ್ಬರೂ ಕೂಡಿ ಗುರಿಯ ಗೆರೆ ತಲುಪಿದರು. ಹೊರಗಿನವರ ನೆರವು ಪಡೆದುದರಿಂದ, ಅವನು ಓಟ ಮುಗಿಸಿದನೆಂದು ದಾಖಲೆಯಲ್ಲಿ ಬರೆಯಲಿಲ್ಲ. ಓಟಗಾರನಾಗಿ ಅವನು ಆ ಎತ್ತರಕ್ಕೆ ಮತ್ತೆ ಏರಲಿಲ್ಲ. 2017ರಲ್ಲಿ ಲಂಡನ್ನಿನಲ್ಲಿ, ಜಗತ್ತು ಕಂಡ ಅತಿ ವೇಗದ ಮನುಷ್ಯ ಉಸೇನ್ ಬೋಲ್ಟ್ ತನ್ನ ಕಟ್ಟಕಡೆಯ ಓಟದಲ್ಲಿ ತೊಡೆ ಹಿಡಿದು ನೆಲಕ್ಕೆ ಬಿದ್ದ. ಎಷ್ಟು ಪದಕಗಳಿದ್ದರೂ ಮಾಂಸದ ಎಳೆಗೆ ಅವುಗಳ ಗಣನೆಯಿಲ್ಲ.

ಎರಡೂವರೆ ಸಾವಿರ ವರ್ಷಗಳ ಈ ವ್ಯಾಜ್ಯದ ಕಡತವನ್ನು ಮುಚ್ಚಿಡುವಾಗ ನನಗೆ ತೋರುವುದಿಷ್ಟು. ಮಲಗು ಎಂದವರೂ ನಡೆ ಎಂದವರೂ ತಂತಮ್ಮ ಕಡೆಗೆ ಪೂರ್ಣ ಸತ್ಯವಿದೆಯೆಂದು ನಂಬಿದಾಗಲೆಲ್ಲ ರೋಗಿ ಕಷ್ಟಪಟ್ಟ. ಹೆರೋಡಿಕಸನ ಓಟವೂ ಥಾಮಸನ ಪಟ್ಟಿಯೂ ಎಲ್ಲೋ ಒಂದೆಡೆ ಸರಿ, ಇನ್ನೊಂದೆಡೆ ತಪ್ಪು. ಗುಣವಾಗುವುದೆಂದರೆ ಪ್ರತಿದಿನ ಎಷ್ಟು ಎಂಬ ಪ್ರಶ್ನೆಯನ್ನು ಮೈಗೆ ಕೇಳಿ, ಬಂದ ಉತ್ತರದಂತೆ ನಡೆಯುವುದು. ನಿನ್ನೆಗಿಂತ ಸ್ವಲ್ಪ ಹೆಚ್ಚು, ನಾಳೆಗೆ ಉಳಿಯುವಷ್ಟು ಕಡಿಮೆ. ಸುಶ್ರುತನ ಅರ್ಧಬಲದ ಸೂತ್ರ, ಉಸ್ತಾದನ ಹೆಬ್ಬೆರಳು, ಕೆನ್ನಿಯ ಬಿಸಿಬಟ್ಟೆ, ಡಿಲೋರ್ಮನ ಭಾರ, ಇವುಗಳಲ್ಲೆಲ್ಲ ಒಳ್ಳೆಯದಾದುದು ಈ ಅಳತೆಯೇ. ಹರಿದ ಎಳೆಗೆ ದಿಕ್ಕು ತೋರಿಸುವಷ್ಟು ಎಳೆತ, ಮತ್ತೆ ಹರಿಯದಿರುವಷ್ಟು ತಾಳ್ಮೆ. ಓಟಗಾರನಿಗೆ ಇವೆರಡೂ ಬೇಕು.